ಎರಡನೆಯವನು ಬರೆದ ಪುಟಗಳು

ಕಾಲೇಜ್ ಹಾಸ್ಟೆಲ್, ಅನಂತಪುರ
೪ ಆಗಸ್ಟ್ ೧೯೩೭

ಓಬಳೇಶನಿಗೆ,

ಈ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಊರು ಬಿಡುವಾಗ ಒಂದು ಮಾತು ಹೇಳದೆ ರೈಲು ಹತ್ತಿದವನು ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಾನೆ ಎಂದು ನೀನು ಕೇಳಬಹುದು. ನಾನಾಗಿ ಬರೆಯುತ್ತಲೂ ಇರಲಿಲ್ಲ. ಹೊಸಪೇಟೆಯಿಂದ ನಮ್ಮ ಸಂಘದ ಕೊಟ್ರಯ್ಯ ಮೇಷ್ಟ್ರ ಕಾರ್ಡು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ನಿನಗೂ ತಿಳಿದಿರಬೇಕು. ಮದರಾಸಿನ ಯುವಜನ ಸಭೆಯವರು ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗನನ್ನು ಆರಿಸಿ, ಒಂದು ವರ್ಷ ಅಲ್ಲೇ ಇಟ್ಟುಕೊಂಡು, ಕಸರತ್ತು, ಈಜು, ಕ್ಯಾಂಪ್ ನಡೆಸುವ ಬಗೆ ಎಲ್ಲ ಕಲಿಸುತ್ತಾರಂತೆ. ಮುಗಿಸಿ ಬಂದವನಿಗೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರ ಕೆಲಸ. ನಮ್ಮ ತುಂಗಭದ್ರಾ ತರುಣ ಸಂಘದಿಂದ ಹೋಗುತ್ತಿರುವುದು ನಿನ್ನ ಹೆಸರು. ಇಪ್ಪತ್ತು ದಾಟಿದವರು ಬೇಡವಂತೆ, ಆದ್ದರಿಂದ ನಿನಗೆ ಇದೊಂದೇ ವರ್ಷ. ಆರಿಸುವುದು ಆಲ್ಬಂ ನೋಡಿ. ಫೋಟೋ, ಸರ್ಟಿಫಿಕೇಟು, ಒಂದೊಂದು ಸಾಧನೆಯ ವಿವರ, ಎಲ್ಲವನ್ನೂ ಅಂದವಾಗಿ ಅಂಟಿಸಿ, ಇಂಗ್ಲಿಷಿನಲ್ಲಿ ಬರೆದು, ಹೊಲಿದು ಕಳಿಸಬೇಕು.

ಬರೆಯಬೇಕಾದವನು ನಾನು. ಕಾಲೇಜು ಸೇರಿದ್ದೇನೆ, ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕಲ್ಲ. ನಮ್ಮ ಸಂಘದ ರೂಢಿ ಹಾಗೆ. ಗೆದ್ದವನು ತನ್ನ ಗೆಲುವನ್ನು ತಾನೇ ಬರೆಯಬಾರದು, ಅವನ ಹಿಂದೆ ಎರಡನೆಯವನಾಗಿ ಬಂದವನೇ ಬರೆದು ಕೆಳಗೆ ಸಹಿ ಹಾಕಬೇಕು. ಮೇಷ್ಟ್ರು ಕಾರ್ಡಿನಲ್ಲಿ ಬರೆದಿರುವುದನ್ನು ಹಾಗೇ ಕೊಡುತ್ತೇನೆ: “ಮರಿಸ್ವಾಮಿ, ಓಬಳೇಶನ ಬೆನ್ನು ನೋಡಿದಷ್ಟು ನೀನು ನಿನ್ನ ಬುಕ್ಕ ನೋಡಿಲ್ಲ. ನೀನ ಬರೀಬೇಕು.” ತಮಾಷೆಗೆ ಬರೆದಿದ್ದಾರೆ. ನಾನು ಅದನ್ನು ಓದಿ ಮಡಚಿ ಟ್ರಂಕಿನ ತಳಕ್ಕೆ ಹಾಕಿದೆ.

ಕಂಪ್ಲಿಯಲ್ಲಿ ಹೊಳೆ ದಾಟಿದ್ದು, ಸಂಡೂರಿನ ಓಬಳಗಂಡಿಯಿಂದ ಗುಡ್ಡದ ನೆತ್ತಿಗೆ ಓಡಿದ್ದು, ಇವೆರಡೂ ಸರಿ. ಬರೆದುಬಿಡುತ್ತೇನೆ. ಆದರೆ ಹಂಪಿಯ ತಳವಾರಘಟ್ಟದ್ದೂ ಬೇಕೇಬೇಕಂತೆ. ಬೇಸಗೆಯ ಕೊನೆಯಲ್ಲಿ ಭರಮಣ್ಣನ ಹರಿಗೋಲು ಬಂಡೆಗೆ ಬಡಿದು ವಾಲಿತಲ್ಲ, ಆ ಹೊತ್ತಿನದು. ಬಳೆಗಾರ್ತಿ ಹುಲುಗಮ್ಮ ನೀರಿಗೆ ಬಿದ್ದಳು. ನೀನು ಹಾರಿದೆ, ನಾನೂ ಹಾರಿದೆ. ನೀನು ಅವಳನ್ನು ಎತ್ತಿಕೊಂಡು ಬಂದೆ. ನಾನು ಮುಳುಗಿ, ಕೈಗೆ ಸಿಕ್ಕಿದ್ದನ್ನು ಅವಳೇ ಎಂದು ತಿಳಿದು, ಉಸಿರು ಬಿಗಿಹಿಡಿದು ಎಳೆದು ತಂದದ್ದು ಅವಳ ಬಳೆಯ ಗಂಟು. ಘಟ್ಟದಲ್ಲಿದ್ದವರೆಲ್ಲ ನಕ್ಕರು. ಆ ಹೆಂಗಸಾದರೂ ಸುಮ್ಮನಿದ್ದಳೇ? ನಿನ್ನ ತಲೆ ನೇವರಿಸಿ, “ಏಸು ಜನ್ಮದ ಮಗನಪ್ಪ ನೀನು” ಎಂದಳು. ನನ್ನ ಕಡೆ ತಿರುಗಿ, “ಹಂಗ ಜಗ್ಗತಾರೇನೋ? ಅರ್ಧ ಬಳಿ ಒಡದ್ಯಲ್ಲೋ!” ಎಂದಳು. ಅವತ್ತಿನಿಂದ ಸಂಘದಲ್ಲಿ ನಾನು ‘ಬಳಿ ಸ್ವಾಮಿ’.

ಇದನ್ನೆಲ್ಲ ನಾನೇ ಕೈಯಾರ ಇಂಗ್ಲಿಷಿನಲ್ಲಿ ಬರೆದು ಮದರಾಸಿಗೆ ಕಳಿಸಬೇಕು. ಸರಿ. ನಿನ್ನ ಹತ್ತಿರ ಇರುವ ಫೋಟೋ, ಸರ್ಟಿಫಿಕೇಟು ಕಳಿಸು.

ಮರಿಸ್ವಾಮಿ


ಕಂಪ್ಲಿ
೧೧ ಆಗಸ್ಟ್ ೧೯೩೭

ಶ್ರೀ ವಿರೂಪಾಕ್ಷ ಪ್ರಸನ್ನ

ಗೆಳೆಯ ಮರಿಸ್ವಾಮಿಗೆ ಓಬಳೇಶನ ನಮಸ್ಕಾರ.

ನಿನ್ನ ಕಾಗದ ಬಂದಾಗ ನಿಮ್ಮ ಮಿಲ್ಲಿನಲ್ಲಿ ಭತ್ತ ತೂಗುತ್ತಿದ್ದೆ. ತಕ್ಕಡಿ ಬಿಟ್ಟು ಓದಿದೆ. ನಿಮ್ಮಪ್ಪ ಅಲ್ಲೇ ಕೂತಿದ್ದರು. “ಏನಂತಲೇ ಕಾಲೇಜಿನ್ಯಾವ? ನನಗ ಎರಡ ಸಾಲು ಬರೀತಾನ, ನಿನಗ ನಾಕ ಹಾಳಿ ಬರದಾನ” ಎಂದರು. ಕೋಪಕ್ಕಲ್ಲ, ನಿನ್ನ ಕಾಗದ ಅವರೂ ಕಾಯುತ್ತಿರುತ್ತಾರೆ. ಊಟ ಸರಿ ಇದೆಯೋ ಇಲ್ಲವೋ ಅಂತ ನನ್ನನ್ನೇ ಕೇಳುತ್ತಾರೆ. ನನಗೇನು ಗೊತ್ತು? “ಮಸ್ತ್ ಐತಂತ್ರೀ” ಎಂದು ಸುಳ್ಳು ಹೇಳಿದ್ದೇನೆ. ನೀನೂ ಹಾಗೇ ಬರೆ.

ನೀನು ಹೇಳದೆ ಹೋದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಸ್ಟೇಷನ್ನಿಗೆ ಬಂದಿದ್ದೆ. ಗಾಡಿ ಹೋಗಿತ್ತು.

ಫೋಟೋ ಎರಡು ಕಳಿಸಿದ್ದೇನೆ. ಒಂದು ಸಂಡೂರು ಗುಡ್ಡದ ಮೇಲೆ ನಾನು ಬಾವುಟ ಹಿಡಿದಿರುವುದು. ಇನ್ನೊಂದು ಹಂಪಿಯಲ್ಲಿ ಇಬ್ಬರೂ ಹರಿಗೋಲಿನ ಪಕ್ಕ ನಿಂತದ್ದು. ಎರಡನೆಯದನ್ನು ಕತ್ತರಿಸಬೇಡ, ಹಾಗೇ ಹಚ್ಚು. ಬಳೆ ಗಂಟಿನ ಮಾತು ನಿನಗೆ ಬೇಜಾರಾದರೆ ಬಿಟ್ಟುಬಿಡು. ನೀನೂ ಹಾರಿದೆ ಅಂತ ಮಾತ್ರ ಬರೆದುಕೋ, ಸಾಕು. ಹುಲುಗಮ್ಮ ಮೊನ್ನೆ ಕಂಪ್ಲಿ ಸಂತೆಗೆ ಬಂದಿದ್ದಳು. “ಆ ಕೆಂಪು ಹುಡುಗ ಎಲ್ಲಿಗೆ ಹೋದ?” ಅಂತ ಕೇಳಿದಳು.

ಹೊಸಪೇಟೆಗೆ ಹೋಗಿ ಹೆಡ್‌ಮಾಸ್ಟರರ ಸರ್ಟಿಫಿಕೇಟು ತರಬೇಕಿತ್ತು. ನಡೆದು ಹೋದರೆ ಕೆಲಸ ಕೆಡುತ್ತದೆ ಅಂತ ನಿಮ್ಮಪ್ಪ ನಿನ್ನ ಸೈಕಲ್ಲು ಕೊಟ್ಟರು. “ಮೂಲ್ಯಾಗ ಜಂಗ್ ಹಿಡೀತೈತಿ, ನೀನ ಹೊಡಕೋ” ಎಂದರು. ಈಗ ಭಾನುವಾರ ಸಂಘಕ್ಕೂ ಅದರಲ್ಲೇ ಹೋಗುತ್ತೇನೆ. ಚೈನಿಗೆ ಎಣ್ಣೆ ಹಾಕಿದ್ದೇನೆ, ಚಿಂತೆ ಮಾಡಬೇಡ.

ಬರೆಯಲು ನೀನಿದ್ದೀಯೆಂದು ನನಗೆ ಧೈರ್ಯ.

ಓಬಳೇಶ


ಕಾಲೇಜ್ ಹಾಸ್ಟೆಲ್, ಅನಂತಪುರ
೨೦ ಆಗಸ್ಟ್ ೧೯೩೭

ಓಬಳೇಶನಿಗೆ,

ಫೋಟೋ, ಸರ್ಟಿಫಿಕೇಟು ತಲುಪಿದವು.

ಸೈಕಲ್ಲಿನ ವಿಷಯ ತಿಳಿಯಿತು. ಆ ಸೈಕಲ್ಲನ್ನು ಎಸ್.ಎಸ್.ಎಲ್.ಸಿ. ಪಾಸಾದದ್ದಕ್ಕೆ ಅಪ್ಪ ನನಗೆ ಕೊಡಿಸಿದ್ದು. ಹಾಸ್ಟೆಲಿಗೆ ತರುತ್ತೇನೆಂದಾಗ “ಪರಸ್ಥಳದಾಗ ಕಳಕೊಂತಿ, ಬ್ಯಾಡ” ಎಂದಿದ್ದರು. ನಿನ್ನ ಕೈಯಲ್ಲಿ ಕಳೆಯುವುದಿಲ್ಲವೆಂದು ಅವರಿಗೆ ನಂಬಿಕೆ ಇರಬೇಕು. ಒಳ್ಳೆಯದು. ಹಿಂದಿನ ಬ್ರೇಕ್ ಸಡಿಲವಿದೆ, ಇಳಿಜಾರಿನಲ್ಲಿ ನೋಡಿಕೋ. ಬೆಲ್ಲನ್ನು ಸುಮ್ಮಸುಮ್ಮನೆ ಬಾರಿಸಬೇಡ, ಅದರ ಸ್ಪ್ರಿಂಗ್ ನಾಜೂಕು.

“ನೀನೂ ಹಾರಿದೆ ಅಂತ ಬರೆದುಕೋ” ಎಂದು ಬರೆದಿದ್ದೀಯ. ನಾನು ಹಾರಿದ್ದನ್ನು ನೀನು ದಾನ ಕೊಡಬೇಕಾಗಿಲ್ಲ. ಹಾರಿದ್ದೇನೆ, ಏನು ತಂದೆನೋ ಅದನ್ನೇ ಬರೆಯುತ್ತೇನೆ. ಫೋಟೋ ಕತ್ತರಿಸಬೇಡವೆಂದೂ ಹೇಳಿದ್ದೀಯ. ನಿನ್ನ ಪಕ್ಕದಲ್ಲಿ ನಾನು ಕುಳ್ಳನಾಗಿ, ಕಣ್ಣು ಮುಚ್ಚಿಕೊಂಡು ನಿಂತಿರುವುದನ್ನು ಮದರಾಸಿನವರು ನೋಡಲಿ ಎಂದೇ?

ಸಂಡೂರಿನ ಓಟದ ಪುಟ ಮುಗಿಯಿತು. ಬರೆಯಲು ಕೂತಾಗ ಒಂದು ಸಂಗತಿ ಗಮನಕ್ಕೆ ಬಂತು. ಆವತ್ತು ನೀನು ಹೇಗೆ ಓಡಿದೆ ಎಂಬುದು ನನಗೆ ಗೊತ್ತೇ ಇಲ್ಲ. ಗೊತ್ತಿರುವುದೆಲ್ಲ ನಿನ್ನ ಹಿಮ್ಮಡಿಯಿಂದ ಎದ್ದ ಕೆಂಪು ಧೂಳು ನನ್ನ ಬಾಯಿಗೆ ಬಿದ್ದದ್ದು, ಕೊನೆಯ ಏರಿನಲ್ಲಿ ನೀನು ಒಮ್ಮೆಯೂ ಹಿಂದೆ ತಿರುಗಿ ನೋಡದೇ ಹೋದದ್ದು. ತಿರುಗಿ ನೋಡಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ, ನೋಡಲಿಲ್ಲವೆಂಬ ಸಿಟ್ಟಿನಿಂದಲೇ ಮೇಲೆ ಬಂದೆ. ಅದನ್ನೇ ಬರೆದೆ. ರೂಢಿ ಇರುವುದೂ ಹಾಗೆಯೇ ಅಲ್ಲವೇ, ಹಿಂದೆ ಬಂದವನು ತನಗೆ ಕಂಡದ್ದನ್ನು ಬರೆಯಬೇಕು.

ಇಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಜೊತೆಯವರೆಲ್ಲ ತೆಲುಗು ಹುಡುಗರು, ಭಾಳ ಸ್ನೇಹ. ಇಂಗ್ಲಿಷ್ ಪ್ರೊಫೆಸರು ನನ್ನ ಕಾಂಪೋಜಿಷನ್ನನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಅಪ್ಪನಿಗೆ ಹೇಳು.

ಮರಿಸ್ವಾಮಿ


ಕಂಪ್ಲಿ
೨ ಸೆಪ್ಟೆಂಬರ್ ೧೯೩೭

ಗೆಳೆಯ ಮರಿಸ್ವಾಮಿಗೆ,

ಪ್ರೊಫೆಸರು ಓದಿ ಹೇಳಿದ ವಿಷಯ ನಿಮ್ಮಪ್ಪನಿಗೆ ಹೇಳಿದೆ. ಮಿಲ್ಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಭತ್ತ ತಂದವರು ಮೊದಲು ನಿನ್ನ ಕಾಂಪೋಜಿಷನ್ ಕೇಳಬೇಕು, ಆಮೇಲೆ ತೂಕ.

ನನಗೆ ಒಂದು ಮಾತು ಕೇಳಬೇಕಾಗಿದೆ. ಸಿಟ್ಟು ಮಾಡಿಕೊಳ್ಳಬೇಡ. ಆಲ್ಬಂ ಕಳಿಸುವ ಮೊದಲು ಒಂದು ಸಲ ನನಗೆ ತೋರಿಸುತ್ತೀಯಾ? ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಆದರೂ ನೋಡಬೇಕು ಅನಿಸುತ್ತದೆ. ನಮ್ಮವ್ವನೂ ಕೇಳುತ್ತಾಳೆ. “ನಿನ್ನ ಬಗ್ಗೆ ಬುಕ್ಕ ಬರೀತಾರಂತಲ್ಲ, ಅದರಾಗ ನಿನ್ನ ಚಿತ್ರ ಇರತೈತೇನು?” ಅಂತ. ಓದು ಬಾರದ ಅವಳಿಗೆ ಅದೇ ಆಸೆ.

ಆಲ್ಬಂನ ರಟ್ಟಿನ ಮೇಲೆ ನನ್ನ ಹೆಸರು ಹಾಕಬೇಕೋ ಬೇಡವೋ ಅಂತ ಮೇಷ್ಟ್ರನ್ನು ಕೇಳಿದೆ. “ರಟ್ಟಿನ ಮ್ಯಾಲ ಸಂಘದ ಹೆಸರಷ್ಟ ಇರಬೇಕು. ನಿಂದು ಒಳಗ ಬರತೈತಿ. ಮರಿಸ್ವಾಮಿ ಬರೀತಾನ, ನೀ ಯಾಕ ಒದ್ದಾಡ್ತಿ?” ಎಂದು ಬೈದರು.

ಒದ್ದಾಟ ಯಾಕೆಂದರೆ, ಈ ಸುಗ್ಗಿ ಮುಗಿದ ಮೇಲೆ ಮಿಲ್ಲಿನ ಕೆಲಸ ಬಿಡುತ್ತೇನೆಂದು ನಿಮ್ಮಪ್ಪನಿಗೆ ಹೇಳಿಬಿಟ್ಟಿದ್ದೇನೆ. ಅವರು ಬೇರೆಯವನನ್ನು ಗೊತ್ತುಮಾಡಿದ್ದಾರೆ, ಜಡೆಪ್ಪನ ಮಗನನ್ನು. ಅವಸರ ಮಾಡಿದೆನೇನೋ. ಆದರೆ ಅರ್ಧ ಮನಸ್ಸು ಮಿಲ್ಲಿನಲ್ಲಿಟ್ಟು ಅರ್ಧ ಮದರಾಸಿನಲ್ಲಿಟ್ಟರೆ ಎರಡೂ ಕೈಗೆ ಸಿಗುವುದಿಲ್ಲ ಅನಿಸಿತು.

ತೋರಿಸುತ್ತೀಯಲ್ಲ?

ಓಬಳೇಶ


ಕಾಲೇಜ್ ಹಾಸ್ಟೆಲ್, ಅನಂತಪುರ
೯ ಸೆಪ್ಟೆಂಬರ್ ೧೯೩೭

ಓಬಳೇಶನಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ಆಲ್ಬಂ ರಿಜಿಸ್ಟರ್ ಮಾಡಿ ಮದರಾಸಿಗೆ ಕಳಿಸಿಯಾಗಿತ್ತು. ತೋರಿಸಲು ಆಗಲಿಲ್ಲ. ಆರಿಸುವ ಮೊದಲೇ ಕೆಲಸ ಬಿಡುತ್ತೇನೆಂದು ಹೇಳುವಷ್ಟು ಧೈರ್ಯ ಇರುವವನಿಗೆ ನಾನು ಬರೆದದ್ದು ಹೇಗಿದ್ದರೇನು?

ಪರೀಕ್ಷೆ ಹತ್ತಿರ ಬಂದಿದೆ. ಕೆಲವು ದಿನ ಬರೆಯುವುದಿಲ್ಲ.

ಮರಿಸ್ವಾಮಿ


ಕಂಪ್ಲಿ
೧೮ ನವೆಂಬರ್ ೧೯೩೭

ಶ್ರೀ ವಿರೂಪಾಕ್ಷ ಪ್ರಸನ್ನ

ಶ್ರೀ ಮರಿಸ್ವಾಮಿಯವರಿಗೆ ಓಬಳೇಶ ಮಾಡುವ ವಿಜ್ಞಾಪನೆ.

ತಮಗೂ ಮದರಾಸಿನಿಂದ ಕಾಗದ ಬಂದಿರಬೇಕು. ಸಂಘಕ್ಕೆ ಬಂದದ್ದನ್ನು ಭಾನುವಾರ ಮೇಷ್ಟ್ರು ಎಲ್ಲರ ಮುಂದೆ ನಿಂತು ಓದಿದರು. ಮೊದಲು ಇಂಗ್ಲಿಷಿನಲ್ಲಿ ಓದಿದರು. ನನಗೆ ಅರ್ಥವಾದದ್ದು ‘ಸೆಲೆಕ್ಟೆಡ್’ ಎಂಬ ಮಾತು ಒಂದೇ. ಹುಡುಗರು ನನ್ನನ್ನು ಎತ್ತಿಬಿಟ್ಟರು. ನಾನು ಅವರ ಹೆಗಲ ಮೇಲಿದ್ದೆ. ಮೇಷ್ಟ್ರು ಮತ್ತೊಮ್ಮೆ ಓದಿಕೊಂಡರು, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿಕೊಂಡರು. “ಇಳಸ್ರಲೇ ಅವನ್ನ. ಇವರು ಮರಿಸ್ವಾಮೀನ ಆರಿಸ್ಯಾರ” ಎಂದರು. ಹುಡುಗರು ಇಳಿಸಿದರು.

ಗೆಳೆಯನ ಗೆಲುವನ್ನು ಹೊಟ್ಟೆಕಿಚ್ಚಿಲ್ಲದೆ ಬರೆದವನು, ತನ್ನ ನಗೆಪಾಟಲನ್ನು ತಾನೇ ಹೇಳಿಕೊಂಡವನು, ಇಂಥವನೇ ನಾಳೆ ಹುಡುಗರ ಮುಂದೆ ನಿಲ್ಲಬೇಕು, ಎಂದು ಅದರಲ್ಲಿ ಬರೆದಿದ್ದಾರೆ. ಬಳೆ ಗಂಟಿನ ಪುಟ ಓದಿ ಕಮಿಟಿಯವರಿಗೆ ಕಣ್ಣಲ್ಲಿ ನೀರು ಬಂತಂತೆ. ಆಲ್ಬಂ ನಿಮ್ಮದೇ ಎಂದು ತಿಳಿದಿದ್ದಾರೆ. ಎಲ್ಲ ಪುಟದ ಕೆಳಗೂ ನಿಮ್ಮ ಸಹಿ ಇತ್ತಂತೆ. ನಮ್ಮ ರೂಢಿ ಮದರಾಸಿನವರಿಗೆ ಏನು ಗೊತ್ತು? ಮೇಷ್ಟ್ರು ಬರೆದುಕೊಟ್ಟ ಮೊದಲ ಹಾಳೆಯಲ್ಲೂ ಹೆಡ್‌ಮಾಸ್ಟರರ ಸರ್ಟಿಫಿಕೇಟಿನಲ್ಲೂ ನನ್ನ ಹೆಸರಿತ್ತು. ಎರಡೂ ಕನ್ನಡದಲ್ಲಿದ್ದವು, ಅಲ್ಲಿ ಓದುವವರು ಇರಲಿಲ್ಲವೇನೋ. ಆದರೆ ನಿಮ್ಮ ಇಂಗ್ಲಿಷ್ ಪುಟಗಳಲ್ಲಿ ನನ್ನ ಹೆಸರೇ ಇರಲಿಲ್ಲವಂತೆ, ‘ನನ್ನ ಗೆಳೆಯ’ ಅಂತಲೇ ಇತ್ತಂತೆ. ಹೌದೇ?

ನಿಮ್ಮಪ್ಪ ಭಾಳ ಸಂತೋಷಪಟ್ಟರು. ಕಂಪ್ಲಿ ಬಜಾರಿಗೆಲ್ಲ ಪೇಢೆ ಹಂಚಿಸಿದರು. ಬುಟ್ಟಿ ಹೊತ್ತು ಅಂಗಡಿಯಿಂದ ಅಂಗಡಿಗೆ ಹಂಚಿದವನು ನಾನೇ. “ಯಾತರ ಪೇಢೆಪಾ?” ಎಂದು ಒಬ್ಬೊಬ್ಬರೂ ಕೇಳಿದರು. ಒಬ್ಬೊಬ್ಬರಿಗೂ ಹೇಳಿದೆ. ನಮ್ಮವ್ವನಿಗೂ ಒಂದು ಕೊಟ್ಟೆ. ಅವಳು ತಿನ್ನಲಿಲ್ಲ.

ಮೇಷ್ಟ್ರಿಗೂ ಏನು ಮಾಡಬೇಕೋ ತಿಳಿಯುತ್ತಿಲ್ಲ. ಆರಿಸಿ ಬಂದವನು ನಮ್ಮ ಸಂಘದವನೇ, ಬೇಡ ಅಂದರೆ ಸಂಘಕ್ಕೇ ಕೆಟ್ಟ ಹೆಸರು, ಮುಂದೆ ಯಾರನ್ನೂ ಕರೆಯುವುದಿಲ್ಲ ಎನ್ನುತ್ತಾರೆ. ಕೊನೆಗೆ, “ಮರಿಸ್ವಾಮಿ ಗೆದ್ದಾನ, ಈ ಸಲ ಎರಡನೆಯಾವ ನೀನು. ಸಂಘದ ಬುಕ್ಕಿನ್ಯಾಗ ನೀ ಬರೀಬೇಕು” ಎಂದರು. ಹಾಳೆ ಮುಂದಿಟ್ಟುಕೊಂಡು ಕೂತೆ. ಮರಿಸ್ವಾಮಿ ಗೆದ್ದನು, ಎಂದು ಬರೆದೆ. ಹೇಗೆ ಗೆದ್ದನು ಅಂತ ಬರೆಯಬೇಕಲ್ಲ, ಅಲ್ಲಿಗೆ ಲೇಖನಿ ನಿಂತಿತು.

ನನಗೆ ಇಷ್ಟು ಹೊಟ್ಟೆಕಿಚ್ಚು ಇದೆ ಅಂತ ನನಗೇ ಗೊತ್ತಿರಲಿಲ್ಲ. ಇದುವರೆಗೆ ಅದು ಬೇಕಾಗಿಯೇ ಇರಲಿಲ್ಲ, ನಾನು ಮುಂದಿರುತ್ತಿದ್ದೆ. ನೀನು ಇದನ್ನು ಹೊತ್ತುಕೊಂಡು ಇಷ್ಟು ವರ್ಷ ಹೇಗೆ ನನ್ನ ಹಿಂದೆ ಓಡಿದೆ ಮಾರಾಯಾ?

ಓಬಳೇಶ


ಕಾಲೇಜ್ ಹಾಸ್ಟೆಲ್, ಅನಂತಪುರ
೨೩ ನವೆಂಬರ್ ೧೯೩೭

ಲೇ ಓಬಳೇಶ,

‘ಮರಿಸ್ವಾಮಿಯವರಿಗೆ’, ‘ತಮಗೂ’, ‘ನಿಮ್ಮ ಸಹಿ’! ಬೈಯುವುದಾದರೆ ಬೈ, ಬಹುವಚನ ಬೇಡ. ಕಾಗದದ ಕೊನೆಯಲ್ಲಿ ಮಾತ್ರ ನೀನು ನನ್ನ ಓಬಳೇಶನಾಗಿದ್ದೀಯ.

ಕೇಳಿದ್ದಕ್ಕೆ ಉತ್ತರ: ಹೌದು, ಹೆಸರು ಇರಲಿಲ್ಲ. ಬೇಕೆಂದೇ ಮಾಡಿದೆಯಾ ಎಂದರೆ, ಈ ರೀತಿ ಆಗಲಿ ಎಂದು ಮಾಡಲಿಲ್ಲ. ವಿರೂಪಾಕ್ಷನಾಣೆ, ಹೀಗಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲ ಪುಟದಲ್ಲಿ ‘ಓಬಳೇಶ ಮುಂದೆ ಹೋದ’ ಎಂದು ಬರೆದೆ. ಎರಡನೆಯ ಸಾಲಿನಲ್ಲೂ ನಿನ್ನ ಹೆಸರು ಬಂತು. ಮೂರನೆಯದರಲ್ಲೂ ಬಂತು. ಹಾಸ್ಟೆಲಿನ ಬಲ್ಬಿನ ಕೆಳಗೆ ಕೂತು ನಿನ್ನ ಹೆಸರನ್ನೇ ದುಂಡಗೆ ಬರೆಯುತ್ತಿರುವ ನನ್ನನ್ನು ನೋಡಿ ನನಗೇ ಸಿಟ್ಟು ಬಂತು. ಹಾಳೆ ಹರಿದುಹಾಕಿದೆ. ಆಮೇಲೆ ಬರೆದದ್ದರಲ್ಲಿ ‘ನನ್ನ ಗೆಳೆಯ’ ಎಂದೇ ಹಾಕಿದೆ. ಗೆಳೆತನಕ್ಕಲ್ಲ. ಹೆಸರು ಬರೆಯಲು ಕೈ ಬರಲಿಲ್ಲ.

ಹೊಟ್ಟೆಕಿಚ್ಚಿಲ್ಲದೆ ಬರೆದವನು! ಅದನ್ನು ಓದಿ ನಾನು ನಗಬೇಕೋ ಅಳಬೇಕೋ?

ಇನ್ನೂ ಕೇಳು. ಇಲ್ಲಿಗೆ ಕಾಗದ ಬಂದ ಸಂಜೆ ವಾರ್ಡನ್ ಊಟದ ಹಾಲಿನಲ್ಲಿ ಎದ್ದುನಿಂತು ಎಲ್ಲರಿಗೂ ಹೇಳಿದರು. ಇದುವರೆಗೆ ನನ್ನನ್ನು ‘ಏಮಿರಾ ಕನ್ನಡಂ’ ಎಂದು ಹಂಗಿಸಿ ಕರೆಯುತ್ತಿದ್ದವರು ಕೈಕುಲುಕಿದರು. ನಾನು ತಪ್ಪಾಗಿದೆ ಎಂದು ಹೇಳಲಿಲ್ಲ. ಕೈಕೊಟ್ಟೆ. ಇಂಗ್ಲಿಷ್ ಪ್ರೊಫೆಸರು ಕ್ಲಾಸಿನಲ್ಲಿ ಎಬ್ಬಿಸಿ ಶಭಾಷ್ ಎಂದರು. ನನ್ನ ಕಾಂಪೋಜಿಷನ್ ಅವರು ಕ್ಲಾಸಿಗೆ ಓದಿ ಹೇಳಿದ್ದು ನಿಜ, ಹೇಗೆ ಬರೆಯಬಾರದು ಎಂಬುದಕ್ಕೆ ಓದಿದ್ದು. ಅದನ್ನು ನಿನಗೆ ಬರೆಯಲಿಲ್ಲ. ಅಪ್ಪ ಭತ್ತ ತಂದವರಿಗೆಲ್ಲ ಹೇಳುತ್ತಿದ್ದಾರೆಂದು ನೀನು ಬರೆದ ದಿನ ನಾನು ಊಟ ಬಿಟ್ಟೆ. ಟರ್ಮ್ ಪರೀಕ್ಷೆಯಲ್ಲೂ ಇಂಗ್ಲಿಷ್ ಹೋಗಿದೆ.

ಅಂಥವನನ್ನು ಕರೆದು ನೀನೇ ಬಾ ಎಂದರೆ ಹೋಗಬಾರದು ಎಂದು ಅನಿಸುತ್ತದೆಯೇ? ನನಗೆ ಹೋಗಬೇಕು ಅನಿಸುತ್ತಿದೆ. ನೀನು ಇಲ್ಲದ ಊರಿನಲ್ಲಿ, ನನ್ನ ಮುಂದೆ ಯಾರ ಬೆನ್ನೂ ಇಲ್ಲದ ಕಡೆ, ಒಂದು ವರ್ಷ ಇರಬೇಕು ಅನಿಸುತ್ತಿದೆ.

ಪೇಢೆ ನಿನ್ನ ಕೈಯಿಂದ ಹಂಚಿಸಿದ್ದು ಗೊತ್ತಿರಲಿಲ್ಲ. ಅಪ್ಪ ನನಗೆ ಬರೆದ ಕಾಗದದಲ್ಲಿ ‘ಓಬಳೇಶನೂ ಭಾಳ ಓಡಾಡಿದ’ ಎಂದಷ್ಟೇ ಇತ್ತು.

ಏನು ಮಾಡಲಿ, ಹೇಳು.

ಮರಿಸ್ವಾಮಿ


ಕಂಪ್ಲಿ
೨೮ ನವೆಂಬರ್ ೧೯೩೭

ಮರಿಸ್ವಾಮಿ,

ಏನು ಮಾಡಲಿ ಅಂತ ನನ್ನನ್ನು ಕೇಳುತ್ತೀಯಲ್ಲ, ನಾನೇನು ಹೇಳಲಿ? ಹೋಗಬೇಡ ಅಂದರೆ ನಿಮ್ಮಪ್ಪನ ಅನ್ನ ತಿಂದವನು ಅವರ ಮಗನಿಗೆ ಅಡ್ಡ ಬಂದ ಅನ್ನುತ್ತಾರೆ. ಹೋಗು ಅಂದರೆ ನನ್ನ ಬಾಯಿ ಒಪ್ಪುವುದಿಲ್ಲ. ಎರಡನ್ನೂ ನನ್ನ ಕೈಲಿ ಹೇಳಿಸಬೇಡ.

ನಿಮ್ಮಪ್ಪ ಸಾಹುಕಾರರು ಮೊನ್ನೆ ಕರೆದು, “ಓಬಳೇಶ, ಜಡೆಪ್ಪನ ಮಗ ಬಂದ್ರೂ ನಿನಗ ಇಲ್ಲಿ ಏನರ ಒಂದು ಕೆಲಸ ಇದ್ದ ಇರತೈತಿ. ಮನಸಿಗೆ ಹಚಗೋಬ್ಯಾಡ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಅದೇ ತಡೆಯಲಾಗಲಿಲ್ಲ. ಸೈಕಲ್ಲನ್ನು ಒರೆಸಿ ನಿಮ್ಮ ಮನೆಯಲ್ಲಿ ಇಟ್ಟು ಬಂದೆ.

ಈಗ ಬೆಳಿಗ್ಗೆ ಹೊಳೆಗೆ ಹೋಗುತ್ತೇನೆ. ಈಜಿ ಆ ದಂಡೆಗೆ ಹೋಗುತ್ತೇನೆ, ಬರುತ್ತೇನೆ. ಹಿಂದೆ ಯಾರೂ ಇರುವುದಿಲ್ಲ. ಎಷ್ಟು ಜೋರು ಈಜಿದೆ ಅಂತ ಗೊತ್ತಾಗುವುದೇ ಇಲ್ಲ.

ಓಬಳೇಶ


ಕಾಲೇಜ್ ಹಾಸ್ಟೆಲ್, ಅನಂತಪುರ
೧೭ ಡಿಸೆಂಬರ್ ೧೯೩೭

ಓಬಳೇಶ,

ತಡವಾಯಿತು. ಮದರಾಸಿನ ಉತ್ತರ ಕೈಗೆ ಬರದೆ ನಿನಗೆ ಬರೆಯಬಾರದೆಂದಿದ್ದೆ. ಇವತ್ತು ಮಧ್ಯಾಹ್ನ ಬಂತು.

ನಿನ್ನ ಕಾಗದ ಓದಿದ ಮರುದಿನ ಅವರಿಗೆ ಬರೆದೆ. ಆಲ್ಬಂ ಓಬಳೇಶನದು, ಕಂಪ್ಲಿಯವನು, ನಾನು ಎರಡನೆಯವನು, ನಮ್ಮಲ್ಲಿ ಬರೆಯುವ ರೂಢಿ ಹೀಗಿದೆ, ಹೆಸರು ಹಾಕದೆ ಬಿಟ್ಟದ್ದು ನನ್ನ ತಪ್ಪು, ಎಂದು. ನನ್ನನ್ನು ಬಿಟ್ಟು ಅವನನ್ನು ಕರೆಯಿರಿ ಎಂದೂ ಬರೆದೆ. ಈ ಸಲ ನಿನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ನಮ್ಮಿಬ್ಬರಿಗೂ ಇಲ್ಲದಂತೆ ಮಾಡಿಬಿಡುತ್ತಾರೇನೋ ಎಂದು ಇಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಹಾಗೇನಾದರೂ ಆಗಿದ್ದರೆ ನಾನು ಕಂಪ್ಲಿಗೆ ಕಾಲಿಡುತ್ತಿರಲಿಲ್ಲ.

ಅವರ ಉತ್ತರದ ಸಾರ ಇಷ್ಟು: ನನ್ನ ಹೆಸರು ತೆಗೆದಿದ್ದಾರೆ. ನಿನ್ನನ್ನು ಒಪ್ಪಿಕೊಂಡೆವು ಎಂದು ಹೇಳಿಲ್ಲ. ಜನವರಿ ಮೂರನೆಯ ತಾರೀಖು ಬೆಳಿಗ್ಗೆ ಮದರಾಸಿನ ಅವರ ಆಫೀಸಿನಲ್ಲಿ ಖುದ್ದಾಗಿ ಹಾಜರಾಗಬೇಕು. ಓಡಿಸಿ, ಈಜಿಸಿ, ಮಾತಾಡಿಸಿ ನೋಡುತ್ತಾರೆ. ಆವತ್ತು ಬರದಿದ್ದರೆ ಜಾಗ ಬೇರೆ ಜಿಲ್ಲೆಗೆ ಹೋಗುತ್ತದೆ. ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ, ಅಲ್ಲಿ ತೋರಿಸಬೇಕು. ಮೇಷ್ಟ್ರಿಗೂ ಬರೆದಿದ್ದೇನೆ. ಮಾತಾಡಿಸುವಾಗ ಇಂಗ್ಲಿಷ್ ಬಾರದೆಂದು ತಲೆ ತಗ್ಗಿಸಬೇಡ, ಕನ್ನಡ ಬಲ್ಲವರೊಬ್ಬರನ್ನು ಕೂರಿಸುತ್ತೇವೆಂದು ಅವರೇ ಬರೆದಿದ್ದಾರೆ.

ಅಪ್ಪನಿಗೂ ನಾನೇ ತಿಳಿಸಿದೆ. ಉತ್ತರ ಬಂತು: “ಪೇಢೆ ತಿಂದ ಮಂದಿ ಮುಂದ ನಾ ಏನಂತ ಮಾರಿ ಎತ್ತಲಿ? ನಿನಗ ಹೇಳೋರಿಲ್ಲ ಕೇಳೋರಿಲ್ಲ ಆಗೈತಿ.” ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾರೆ: “ಓಬಳೇಶ ಅಲ್ಲಿಗೆ ಹೊಂಟ್ರ ದಾರಿಗೆ ರೊಟ್ಟಿ ಕಟ್ಟಿಸಿ ಕೊಡತೀನಿ.” ನನಗೆ ಸಿಟ್ಟು, ನಿನಗೆ ರೊಟ್ಟಿ. ಅವರು ನನ್ನ ಅಪ್ಪ ಕಣೋ, ಓಬಳೇಶ! ಓದಿ ಮೈ ಉರಿಯಿತು.

ಇದನ್ನೆಲ್ಲ ಮಾಡಿದ್ದಕ್ಕೆ ನಾನು ಒಳ್ಳೆಯವನೆಂದು ತಿಳಿಯಬೇಡ. ಮದರಾಸಿನವರು ಮಾಡಿದ ತಪ್ಪನ್ನು ನೀನು ಮಾಡಬೇಡ. ಅವರು ಕರೆದದ್ದು ಹೊಟ್ಟೆಕಿಚ್ಚಿಲ್ಲದ ಮರಿಸ್ವಾಮಿಯನ್ನು. ಅಲ್ಲಿಗೆ ಹೋದರೆ ವರ್ಷವಿಡೀ ಬೆಳಗಿನಿಂದ ಸಂಜೆಯವರೆಗೆ ಆ ಮರಿಸ್ವಾಮಿಯಾಗಿ ನಡೆದುಕೊಳ್ಳಬೇಕು. ಯಾರು ಗೆದ್ದರೂ ಮೊದಲು ಚಪ್ಪಾಳೆ ತಟ್ಟಬೇಕು. ಒಂದು ವಾರ ಹಾಸ್ಟೆಲಿನಲ್ಲಿ ಹಾಗಿದ್ದು ನೋಡಿದೆ. ಕೇರಂನಲ್ಲಿ ಸೋತು, ಗೆದ್ದವನ ಬೆನ್ನು ತಟ್ಟಿದೆ. ನನ್ನಿಂದ ಆಗುವುದಿಲ್ಲ. ಅದಕ್ಕಿಂತ ಸಂಡೂರು ಗುಡ್ಡವನ್ನು ಹತ್ತು ಸಲ ಹತ್ತಬಹುದು.

ನಿನ್ನನ್ನು ಆರಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಕಾಗದದಲ್ಲಿ ಬೇರೇನೋ ಕಂಡರೆ ನಂಬಬೇಡ. ಆರಿಸದಿದ್ದರೆ ಇನ್ನೂ ಹೆಚ್ಚು ಉರಿಯುತ್ತದೆ. ಯಾರೋ ಕಾಣದ ಊರಿನವನು ನಿನ್ನನ್ನು ಸೋಲಿಸಿದ ಎಂದರೆ, ಇಷ್ಟು ವರ್ಷ ನಾನು ಸೋತದ್ದಕ್ಕೆ ಏನು ಬೆಲೆ ಬಂತು? ಆದ್ದರಿಂದ ಅಲ್ಲಿ ಮೆತ್ತಗೆ ಓಡಬೇಡ. ಹಿಂದೆ ನಾನಿಲ್ಲವೆಂದು ನಿಧಾನ ಮಾಡಬೇಡ.

ಕಂಪ್ಲಿಯಿಂದ ಹೊಸಪೇಟೆಗೆ ಬಂದು ಗಾಡಿ ಹತ್ತಿದರೆ ಗುಂತಕಲ್ಲಿನಲ್ಲಿ ಇಳಿದು ಮದರಾಸಿನ ಗಾಡಿಗೆ ಕಾಯಬೇಕಾಗುತ್ತದೆ. ಇಲ್ಲಿಂದ ಗುಂತಕಲ್ಲು ನನಗೆ ದೂರವಲ್ಲ. ರಜೆ ಇದೆ, ವಾರ್ಡನ್ನಿಗೂ ಹೇಳಿದ್ದೇನೆ. ಬಂದು ನಿಲ್ಲುತ್ತೇನೆ. ಬೀಳ್ಕೊಡುವುದಕ್ಕೆ ಎಂದು ಎಣಿಸಬೇಡ. ಕಿಟಕಿಯ ಪಕ್ಕ ಕೂತು ಹೋಗುವ ನಿನ್ನನ್ನು ಕಣ್ಣಿನಿಂದ ನೋಡಿಬಿಡಬೇಕು. ನೋಡದೆ ಇಲ್ಲಿ ಕೂತರೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತೇನೆ, ಅದು ನನ್ನ ಓದಿಗೆ ಒಳ್ಳೆಯದಲ್ಲ.

ಯಾವ ದಿನ, ಯಾವ ಗಾಡಿಗೆ ಹೊರಡುತ್ತೀ? ಈ ಕಾಗದ ತಲುಪಿದ ದಿನವೇ ಬರೆ.

ಮರಿಸ್ವಾಮಿ